ಇಮಾಮ್ ನವವಿಯವರ ಸೀಮೆಯಲ್ಲಿ ಹೊತ್ತಿದ ಬೆಂಕಿ
(ಜುಮಾ ಪ್ರವಚನದ ಸಾರಾಂಶ)



ಅಸರ್ ನಮಾಝಿನ ನಂತರ ನಾವು ಓದುತ್ತಾ ಬಂದಿರುವ ರಿಯಾದುಸ್ಸಾಲಿಹೀನ್ ಗ್ರಂಥವನ್ನು ರಚಿಸಿದವರು ಇಮಾಮ್ ನವವಿ(ರ). ನವವಿ ಎಂದರೆ ನವಾ ಊರಿನವರು. ಆ ನವಾ ಇರುವುದು ಸಿರಿಯಾದ ದಕ್ಷಿಣಕ್ಕೆ, ದರಾ ಪ್ರಾಂತ್ಯದಲ್ಲಿ. 1277ರಲ್ಲಿ ಅವರು ತೀರಿಕೊಂಡಾಗ ದಫನ ಮಾಡಿದ್ದೂ ಅಲ್ಲೇ. 2015ರ ಜನವರಿಯಲ್ಲಿ, ಅಂತರ್ಯುದ್ಧದ ನಡುವೆ, ಅವರ ಗೋರಿಯನ್ನು ಸ್ಫೋಟಿಸಿ ನೆಲಸಮ ಮಾಡಲಾಯಿತು. ಏಳುನೂರು ವರ್ಷ ಉಳಿದಿದ್ದ ಗೋರಿ ನಮ್ಮ ಕಾಲದಲ್ಲಿ ಹೋಯಿತು.

"ಉಸ್ತಾದರೇ, ಅಲ್ಲಿ ನಡೆದದ್ದು ಸುನ್ನಿ-ಶಿಯಾ ಜಗಳ ತಾನೇ?" ಎಂದು ನಮ್ಮ ಯುವಕರು ಕೇಳುತ್ತಾರೆ. ಕೊನೆಗೆ ಅದು ಆ ಬಣ್ಣ ಪಡೆದದ್ದು ನಿಜ. ಆದರೆ ಆರಂಭವಾದದ್ದು ಹಾಗಲ್ಲ. ಪ್ರಶ್ನೆ ಕೇಳುವುದನ್ನು ಒಬ್ಬ ಆಡಳಿತಗಾರ ಸಹಿಸದೇ ಹೋದುದರಿಂದ ಅದು ಆರಂಭವಾಯಿತು.

2000ದ ಜೂನ್ 10ರಂದು ಹಾಫಿಝ್ ಅಲ್ ಅಸದ್ ತೀರಿಕೊಂಡರು. ಅಧ್ಯಕ್ಷರಾಗಲು 40 ವರ್ಷ ತುಂಬಿರಬೇಕೆಂದು ಅಲ್ಲಿಯ ಸಂವಿಧಾನ ಹೇಳುತ್ತಿತ್ತು. ಮಗ ಬಶಾರ್‌ಗೆ ಆಗ 34. ತಂದೆ ತೀರಿಕೊಂಡ ದಿನವೇ ಸಂಸತ್ತು ಸೇರಿ 40 ಎಂಬುದನ್ನು 34 ಎಂದು ತಿದ್ದಿತು. ಮನೆಯ ಮಗನ ಅಳತೆಗೆ ಅಂಗಿ ಹೊಲಿಸಿದ ಹಾಗೆ! ಆದರೂ ಜನ ಆಸೆ ಇಟ್ಟುಕೊಂಡರು. ಬಶಾರ್ ಲಂಡನ್ನಿನಲ್ಲಿ ತರಬೇತಿ ಪಡೆದ ಕಣ್ಣಿನ ಡಾಕ್ಟರು, ಸೌಮ್ಯ ಮಾತಿನವರು. ಅಣ್ಣ ಬಾಸಿಲ್ 1994ರಲ್ಲಿ ಕಾರು ಅಪಘಾತದಲ್ಲಿ ಸಾಯದಿದ್ದರೆ ರಾಜಕೀಯಕ್ಕೆ ಬರುತ್ತಿರಲಿಲ್ಲವೇನೋ. ಪ್ರಮಾಣ ವಚನದ ದಿನ ಅವರು ಸುಧಾರಣೆಯ ಮಾತಾಡಿದರು. ಅದೇ ನವೆಂಬರಿನಲ್ಲಿ ಸುಮಾರು 600 ರಾಜಕೀಯ ಕೈದಿಗಳ ಬಿಡುಗಡೆಯಾಯಿತು. ಕುಖ್ಯಾತ ಮಝ್ಝಾ ಜೈಲು ಮುಚ್ಚಿತು. ದಮಾಸ್ಕಸ್ಸಿನ ಮನೆಗಳಲ್ಲಿ ಜನ ಕುಳಿತು ದೇಶದ ವಿಷಯ ಚರ್ಚಿಸತೊಡಗಿದರು. 1963ರಿಂದ ಜಾರಿಯಲ್ಲಿದ್ದ ತುರ್ತು ಪರಿಸ್ಥಿತಿಯನ್ನು ತೆಗೆಯಿರಿ ಎಂದು 99 ಮಂದಿ ಲೇಖಕರು, ವಿದ್ವಾಂಸರು ಸಹಿ ಹಾಕಿ ಕೇಳಿದರು. ಆ ದಿನಗಳನ್ನು ದಮಾಸ್ಕಸ್ಸಿನ ವಸಂತ ಎನ್ನುತ್ತಾರೆ.

ಆ ವಸಂತ ಒಂದು ವರ್ಷ ಬಾಳಿತು ಅಷ್ಟೆ. ರಿಯಾದ್ ಸೈಫ್ ಎಂಬ ಉದ್ಯಮಿ ಸಂಸತ್ತಿನ ಸದಸ್ಯರಾಗಿದ್ದರು. ದೇಶಕ್ಕೆ ಹೊಸದಾಗಿ ಬಂದ ಮೊಬೈಲ್ ಫೋನಿನ ಗುತ್ತಿಗೆ ಯಾರಿಗೆ, ಯಾವ ಲೆಕ್ಕದಲ್ಲಿ ಹೋಯಿತು ಎಂದು ಅವರು ಕೇಳಿದರು. ಒಂದು ಗುತ್ತಿಗೆ ಹೋದದ್ದು ಬಶಾರ್ ಅವರ ಸೋದರಮಾವನ ಮಗ ರಾಮಿ ಮಖ್ಲೂಫ್ ಕೈಗೆ. 2001ರ ಸೆಪ್ಟೆಂಬರಿನಲ್ಲಿ ಸೈಫ್ ಬಂಧಿತರಾದರು, ಐದು ವರ್ಷ ಸಜೆಯಾಯಿತು. ಇನ್ನೂ ಹಲವರು ಜೈಲು ಸೇರಿದರು. ನಮ್ಮ ಜಮಾಅತಿನ ಮಹಾಸಭೆಯಲ್ಲಿ ಮೂಲೆಯಲ್ಲಿ ಕುಳಿತ ಬಡವನೂ ಎದ್ದು ಲೆಕ್ಕ ಕೇಳುತ್ತಾನೆ, ಕಮಿಟಿಯವರು ಮುಖ ಗಂಟಿಕ್ಕಿಕೊಂಡಾದರೂ ಉತ್ತರ ಕೊಡುತ್ತಾರೆ. ಅಲ್ಲಿ ಸಂಸತ್ತಿನ ಸದಸ್ಯನಿಗೇ ಅಷ್ಟು ಹಕ್ಕಿರಲಿಲ್ಲ.

ಆ ಮೇಲೆ ಉಳಿದದ್ದು ಹಣದ ಸುಧಾರಣೆ ಮಾತ್ರ. ಖಾಸಗಿ ಬ್ಯಾಂಕುಗಳು ಬಂದವು, ದಮಾಸ್ಕಸ್ಸಿನಲ್ಲಿ ಹೊಸ ಅಂಗಡಿ ಹೋಟೆಲುಗಳು ಎದ್ದವು. 2006ರಿಂದ ಈಶಾನ್ಯದ ಹೊಲಗಳಿಗೆ ಬರ ಬಿತ್ತು. ಲಕ್ಷಾಂತರ ರೈತರು ಗಂಟುಮೂಟೆ ಕಟ್ಟಿ ನಗರಗಳ ಅಂಚಿಗೆ, ದರಾ ಕಡೆಗೂ ಬಂದರು. ಅದರ ನಡುವೆಯೇ 2008ರಲ್ಲಿ ಸರಕಾರ ಸಬ್ಸಿಡಿ ಕಡಿತ ಮಾಡಿ ಡೀಸೆಲ್ ಬೆಲೆಯನ್ನು ಲೀಟರಿಗೆ 7 ಲಿರಾದಿಂದ 25ಕ್ಕೆ ಏರಿಸಿತು. ಬಾವಿಯ ಪಂಪು ನಡೆಯುವುದೂ ಚಳಿಗೆ ಮನೆ ಬೆಚ್ಚಗಾಗುವುದೂ ಆ ಡೀಸೆಲಿನಿಂದಲೇ. ಇದು ತಾಳಲಾರದ ಹೊರೆ ಎಂದು ಹೇಳಲು ಪತ್ರಿಕೆಯಿಲ್ಲ, ಸಂಘವಿಲ್ಲ. ಇದ್ದೊಂದು ವ್ಯಂಗ್ಯಪತ್ರಿಕೆ, ಅಲೀ ಫರ್ಝಾತ್ ಎಂಬ ವ್ಯಂಗ್ಯಚಿತ್ರಕಾರರದ್ದು, 2003ರಲ್ಲೇ ಮುಚ್ಚಿತ್ತು. 2011ರಲ್ಲಿ ದುಷ್ಕರ್ಮಿಗಳು ಅವರನ್ನು ಹಿಡಿದು ಚಿತ್ರ ಬರೆಯುವ ಕೈಗಳನ್ನೇ ಜಜ್ಜಿದರು.

2011ರ ಆರಂಭದಲ್ಲಿ ಟುನೀಶಿಯಾ, ಈಜಿಪ್ಟಿನ ಆಡಳಿತಗಾರರು ಉರುಳಿದ್ದನ್ನು ಟಿ.ವಿ.ಯಲ್ಲಿ ನೋಡಿ ದರಾದ ಶಾಲಾ ಹುಡುಗರು, ಮುಂದಿನ ಸರದಿ ಡಾಕ್ಟರದ್ದು ಎಂಬರ್ಥದಲ್ಲಿ ಗೋಡೆಯ ಮೇಲೆ ಬರೆದರು. ಹುಡುಗಾಟ. ಕಿವಿ ಹಿಂಡಿ ಬಿಡುವಷ್ಟರ ವಿಷಯ. ಆದರೆ ಅಲ್ಲಿಯ ಗುಪ್ತಚರ ಮುಖ್ಯಸ್ಥ ಆತಿಫ್ ನಜೀಬ್, ಬಶಾರ್ ಅವರ ತಾಯಿಯ ಕಡೆಯ ನೆಂಟ. ಹುಡುಗರನ್ನು ಹಿಡಿದೊಯ್ದು ಹಿಂಸಿಸಿದರು. ಮಕ್ಕಳನ್ನು ಬಿಡಿ ಎಂದು ಹಿರಿಯರು ಬೇಡಿದರೂ ಫಲವಿಲ್ಲ. ಮಾರ್ಚ್ 18, ಶುಕ್ರವಾರ, ಜುಮಾ ಮುಗಿಸಿ ಜನ ಬೀದಿಗಿಳಿದರು. ಗುಂಡು ಹಾರಿತು. 23ರಂದು ಉಮರಿ ಮಸೀದಿಗೇ ಪಡೆಗಳು ನುಗ್ಗಿದವು. ಆ ಮಸೀದಿಯ ಇಮಾಮರು ಶೈಖ್ ಅಹ್ಮದ್ ಸಯಾಸ್ನ, ಕಣ್ಣು ಕಾಣದ ವೃದ್ಧರು. ಆ ದಿನಗಳಲ್ಲೇ ಅವರ ಮಗ ಕೊಲ್ಲಲ್ಪಟ್ಟರು.

ಬಶಾರ್ ಆಗ ಕ್ಷಮೆ ಕೇಳಿ, ನಜೀಬ್‌ನನ್ನು ವಿಚಾರಣೆಗೆ ನಿಲ್ಲಿಸಿದ್ದರೆ ಬೆಂಕಿ ಅಲ್ಲಿಗೇ ಆರುತ್ತಿತ್ತು ಎಂದೇ ನಮ್ಮ ಅಭಿಪ್ರಾಯ. ಮಾರ್ಚ್ 30ರಂದು ಸಂಸತ್ತಿಗೆ ಬಂದ ಅವರು ಇದು ವಿದೇಶಿ ಸಂಚು ಎಂದರು. ಸದಸ್ಯರು ಎದ್ದೆದ್ದು ಚಪ್ಪಾಳೆ ತಟ್ಟಿದರು. ಏಪ್ರಿಲ್ 21ರಂದು, 48 ವರ್ಷಗಳ ತುರ್ತು ಪರಿಸ್ಥಿತಿ ರದ್ದಾಯಿತು. ಮರುದಿನ ಶುಕ್ರವಾರ. ಮೆರವಣಿಗೆಗಳ ಮೇಲೆ ನಡೆದ ಗೋಲಿಬಾರಿನಲ್ಲಿ ನೂರರಷ್ಟು ಜನ ಸತ್ತರು. ಕಾಗದದ ಮೇಲಿನ ಆ ಸುಧಾರಣೆಯನ್ನು ಮಯ್ಯಿತ್ ಹೊತ್ತು ನಡೆದವರು ಹೇಗೆ ನಂಬಿಯಾರು?

ಉಲಮಾಗಳ ವಿಷಯವನ್ನೂ ಹೇಳಬೇಕು, ಏಕೆಂದರೆ ಇದು ಮಿಂಬರಿನ ಮೇಲೆ ನಿಲ್ಲುವ ನಮ್ಮಂಥವರಿಗೆ ಸಂಬಂಧಿಸಿದ್ದು. ಶೈಖ್ ರಮಳಾನ್ ಅಲ್ ಬೂತಿ ದೊಡ್ಡ ವಿದ್ವಾಂಸರು. ಅವರ ಗ್ರಂಥಗಳನ್ನು ಓದಿ ಬೆಳೆದವರು ನಮ್ಮಲ್ಲೂ ಇದ್ದಾರೆ. ಫಿತ್ನ ಬಂದರೆ ಮುಸ್ಲಿಮರ ರಕ್ತ ಹರಿಯುತ್ತದೆ ಎಂದು ಅವರು ಪ್ರತಿಭಟನೆಯನ್ನು ವಿರೋಧಿಸಿ ಸರಕಾರದ ಜೊತೆ ನಿಂತರು. 2013ರ ಮಾರ್ಚ್ 21ರಂದು ದಮಾಸ್ಕಸ್ಸಿನ ಮಸೀದಿಯಲ್ಲಿ ದರ್ಸ್ ನೀಡುತ್ತಿರುವಾಗಲೇ ಸ್ಫೋಟದಲ್ಲಿ ಮಡಿದರು. ಇನ್ನೊಂದೆಡೆ ಶೈಖ್ ಉಸಾಮ ರಿಫಾಈ. 2011ರ ರಮಝಾನಿನ 27ನೇ ರಾತ್ರಿ ಅವರ ಮಸೀದಿಗೆ ನುಗ್ಗಿದ ಪಡೆಗಳು ಅವರನ್ನು ಹೊಡೆದು ರಕ್ತ ಸುರಿಸಿದವು. ಬೂತಿಯವರ ಭಯ ಸುಳ್ಳಾಗಲಿಲ್ಲ, ರಕ್ತ ನದಿಯಾಗಿಯೇ ಹರಿಯಿತು. ಅವರನ್ನು ಹೀಗಳೆಯಲು ನಮಗೆ ನಾಲಗೆ ಬಾರದು. ಆದರೆ ಇಮಾಮ್ ನವವಿಯವರು ಇದ್ದದ್ದೂ ತಾರ್ತಾರಿಗಳ ಭಯದ ಕಾಲದಲ್ಲೇ. ಯುದ್ಧಕ್ಕೆಂದು ಜನರಿಂದ ಹಣ ವಸೂಲು ಮಾಡಲು ಸುಲ್ತಾನ್ ಬೈಬರ್ಸ್ ಫತ್ವಾ ಕೇಳಿದಾಗ, ಮೊದಲು ಅರಮನೆಯ ಚಿನ್ನ ಹೊರಬರಲಿ ಎಂದು ಅವರು ಸಹಿ ಹಾಕಲಿಲ್ಲವೆಂದು ಚರಿತ್ರೆಕಾರರು ಬರೆದಿದ್ದಾರೆ. ಕತ್ತಿ ಹಿಡಿಯಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಇಂಥ ಮಾತನ್ನು ಕೇಳಿಸಿಕೊಳ್ಳುವ ಕಿವಿ ದಮಾಸ್ಕಸ್ಸಿನ ಅರಮನೆಗೆ 2001ರಲ್ಲೇ ಇದ್ದಿದ್ದರೆ ಬಂದೂಕಿನವರಿಗೆ ಅಲ್ಲಿ ಏನು ಕೆಲಸವಿತ್ತು?

ಮುಂದಿನದ್ದು ನಿಮಗೆ ಗೊತ್ತೇ ಇದೆ. ಸೈನಿಕರು ಪಕ್ಷಾಂತರ ಮಾಡಿದರು, ನೆರೆಯ ದೇಶಗಳು ಹಣ, ಬಂದೂಕು ಸುರಿದವು, ಐಸಿಸ್ ಎಂಬ ಪೀಡೆ ಹುಟ್ಟಿತು, ಇರಾನ್, ರಶ್ಯ ಇಳಿದವು. ಮೊದಲ ಹತ್ತು ವರ್ಷಗಳಲ್ಲಿ ಸತ್ತ ನಾಗರಿಕರೇ 3 ಲಕ್ಷ 6 ಸಾವಿರಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆ ಅಂದಾಜಿಸಿದೆ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಮನೆ ಕಳೆದುಕೊಂಡರು. 2024ರ ಡಿಸೆಂಬರ್ 8ರಂದು ಬಶಾರ್ ಮಾಸ್ಕೋಗೆ ಓಡಿದರು. ಮರು ತಿಂಗಳು ಆತಿಫ್ ನಜೀಬ್ ಸೆರೆಯಾದ.

ಅಂದು ನಮ್ಮ ಊರುಗಳಲ್ಲೂ ಸಿಹಿ ಹಂಚಿದವರಿದ್ದಾರೆ. ತಪ್ಪೆನ್ನಲಾರೆವು. ಆದರೆ 2025ರ ಮಾರ್ಚಿನಲ್ಲಿ, ಹಳೆಯ ಆಡಳಿತದ ಬೆಂಬಲಿಗರು ಹೊಸ ಸರಕಾರದ ಪಡೆಗಳ ಮೇಲೆ ದಾಳಿ ಮಾಡಿದ ಬಳಿಕ, ಕರಾವಳಿಯ ಅಲವಿ ಹಳ್ಳಿಗಳಲ್ಲಿ ಸೇಡಿನ ಕೊಲೆಗಳು ನಡೆದವು. ಸತ್ತವರು 1,400ರಷ್ಟು, ಹೆಚ್ಚಿನವರು ನಾಗರಿಕರು ಎಂದು ವಿಶ್ವಸಂಸ್ಥೆಯ ತನಿಖಾ ಆಯೋಗ ಹೇಳಿದೆ. ಬಶಾರ್ ಕೂಡ ಅಲವಿ ಎಂಬುದಷ್ಟೇ ಆ ಹಳ್ಳಿಯ ಮಕ್ಕಳ ಅಪರಾಧ. ಈ ಕೊಲೆಗಳ ವೀಡಿಯೊಗಳು ಮೆಚ್ಚುಗೆಯ ಮಾತಿನೊಂದಿಗೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡಿದ್ದನ್ನು ನಾವು ನೋಡಿದ್ದೇವೆ. ಯಾರ ಮೊಬೈಲಿನಲ್ಲಿ ಅವು ಇನ್ನೂ ಇವೆಯೋ, ಇವತ್ತು ಮನೆಗೆ ಹೋಗುವ ಮೊದಲೇ ಅಳಿಸಿರಿ. ಶಾಮಿನವರಿಗಾಗಿ ದುಆ ಮಾಡುವಾಗ ಆ ಹಳ್ಳಿಗಳ ತಾಯಂದಿರನ್ನೂ ಸೇರಿಸಿಕೊಳ್ಳಿರಿ.