ಮೀನಿಗಿಂತ ಮೊದಲು ಹೆಪ್ಪು ಹಾಕ್ರಿ

ರಬಕವಿ-ಬನಹಟ್ಟಿಯ ಕೇಳುಗರೊಬ್ಬರು ಕೇಳ್ಯಾರ: "ಮುಂದಿನ ವಾರ ಸಮುದ್ರದ ಎರಡು ಕ್ಲೌನ್ ಮೀನು ಬರ್ತಾವ. ಕ್ವಾರಂಟೈನ್ ಟ್ಯಾಂಕ್ ಈಗ ಇಟ್ರ ನಡೀತೈತೇನು?" ನನ್ನ ಉತ್ತರ ಇಷ್ಟ: ಮೀನು ತರಿಸೋ ದಿನ ಮುಂದಕ್ಕ ಹಾಕ್ರಿ. ಯಾಕಂತ ಹೇಳ್ತೀನಿ.

ಕ್ವಾರಂಟೈನ್ ಅಂದ್ರ ಹೊಸ ಮೀನನ್ನು ನಾಲ್ಕರಿಂದ ಆರು ವಾರ ಬ್ಯಾರೆ ಇಟ್ಟು ನೋಡೋದು. ಸಮುದ್ರದ ಮೀನಿಗೆ ಬಿಳಿ ಚುಕ್ಕೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ಅನ್ನೋ ಪರಾವಲಂಬಿ ಕೆಲವು ದಿನ ಮೈಮೇಲಿದ್ದು, ಉದುರಿ ತಳಕ್ಕೆ ಅಂಟಿಕೊಳ್ತೈತಿ. ಚುಕ್ಕೆ ಹೋತು ಅಂತ ನಾವು ಖುಷಿಪಡೋ ಹೊತ್ತಿಗೆ ಅಲ್ಲೇ ನೂರಾರು ಆಗಿ ಮತ್ತೆ ಮೀನಿಗೆ ಹತ್ತತೈತಿ. ಹೊಸದೊಂದು ಮೀನಿನಿಂದ ದೊಡ್ಡ ಟ್ಯಾಂಕಿನ ಹಳೇ ಮೀನೆಲ್ಲಾ ಸಾಯಬಹುದು.

ಜಮಖಂಡಿ, ಮುಧೋಳ, ಬೀಳಗಿ ಕಡೆ ನಮಗ ಕೃಷ್ಣಾ, ಘಟಪ್ರಭಾ ಅದಾವ, ಸಮುದ್ರ ಇಲ್ಲ. ಬೋರ್ ನೀರು ಎಷ್ಟ ಸವಳಿದ್ರೂ ಅದು ಸಮುದ್ರದ ನೀರಲ್ಲ. ಅಡಿಗಿ ಉಪ್ಪು ನಡೆಯೂದಿಲ್ಲ. ಅಕ್ವೇರಿಯಂಗಾಗಿಯೇ ಬರುವ ಸಮುದ್ರದ ಉಪ್ಪನ್ನು ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಹಾಕ್ರಿ. 40 ಲೀಟರಿಗೆ 1.4 ಕೆ.ಜಿ. ಒಂದು ದಿನ ಪಂಪ್ ಹಚ್ಚಿ ಕರಗಿಸಿ, ರಿಫ್ರ್ಯಾಕ್ಟೋಮೀಟರಿನಲ್ಲಿ 1.025 ಬಂತೋ ಇಲ್ಲೋ ನೋಡ್ರಿ.

ಇನ್ನು ಫಿಲ್ಟರ್. ಗಾಳಿ ಪಂಪಿಗೆ ಜೋಡಿಸುವ ಸಾದಾ ಸ್ಪಂಜ್ ಫಿಲ್ಟರ್ ಸಾಕು. ಆದ್ರ ಕೆಲಸ ಮಾಡೋದು ಅದರೊಳಗ ಬೆಳೆಯುವ ಬ್ಯಾಕ್ಟೀರಿಯಾ. ಮೀನು ಬಿಡುವ ಅಮೋನಿಯಾವನ್ನು ಅವು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡ್ತಾವ. ಹೊಸ ಸ್ಪಂಜಿನಲ್ಲಿ ಅವು ಬೆಳೆಯಾಕ ನಾಲ್ಕಾರು ವಾರ ಬೇಕು. ಹಾಲಿಗೆ ಹೆಪ್ಪು ಹಾಕಿ ಆಗಲೇ ಮೊಸರು ಕೇಳಿದ್ರ ಸಿಗ್ತೈತೇನ್ರಿ? ನೀರು ಕನ್ನಡಿ ಹಂಗ ಕಂಡ್ರೂ ಅಮೋನಿಯಾ ಮೀನಿನ ಕಿವಿರು ಸುಡತಿರ್ತೈತಿ. ಅದಕ್ಕ ಸ್ಪಂಜನ್ನು ಇವತ್ತೇ ನಿಮ್ಮ ದೊಡ್ಡ ಟ್ಯಾಂಕಿನೊಳಗ ಇಡ್ರಿ. ಒಂದು ತಿಂಗಳು ಬಿಟ್ಟು ಕ್ವಾರಂಟೈನ್ ಟ್ಯಾಂಕಿಗೆ ಹಾಕ್ರಿ. ಮೀನು ಬಂದ ಮ್ಯಾಲೆ ದಿನಾ ಟೆಸ್ಟ್ ಮಾಡ್ರಿ. ಅಮೋನಿಯಾ ಕಂಡ್ರ ಕಾಲುಭಾಗ ನೀರು ಬದಲಿಸ್ರಿ.

ಟ್ಯಾಂಕಿನಾಗ ಉಸುಕು, ಕಲ್ಲು ಬ್ಯಾಡ. ಅವು ತಾಮ್ರದ ಔಷಧಿಯನ್ನು ಹೀರ್ತಾವ. ಮೀನು ಅಡಗಿಕೊಳ್ಳಾಕ ಪಿವಿಸಿ ಪೈಪಿನ ತುಂಡು ಸಾಕು. ಔಷಧಿ ನಡೆದಾಗ ಫಿಲ್ಟರಿನ ಇದ್ದಿಲು ತೆಗೀರಿ, ಮುಗಿದ ಮ್ಯಾಲೆ ಹಾಕ್ರಿ. ತಾಮ್ರ ಸಿಗಡಿ, ಹವಳಕ್ಕ ವಿಷ, ಹಿಂಗಾಗಿ ದೊಡ್ಡ ಟ್ಯಾಂಕಿಗೆ ಆ ಔಷಧಿ ಹಾಕಬ್ಯಾಡ್ರಿ. ಔಷಧಿ ಕುಡಿದ ಸ್ಪಂಜನ್ನೂ ಅಲ್ಲಿಗೆ ವಾಪಸ್ ಒಯ್ಯಬ್ಯಾಡ್ರಿ. ಬಲೆ, ಬಕೆಟ್ ಎರಡೂ ಬ್ಯಾರೆ ಇರಲಿ.

ನಮ್ಮ ಬ್ಯಾಸಗಿಯಾಗ ನೀರು ಆವಿಯಾಗ್ತೈತಿ, ಉಪ್ಪು ಆಗೂದಿಲ್ಲ. ಗಾಜಿಗೆ ಗುರುತು ಹಚ್ಚಿ, ಇಳಿದಷ್ಟು ಸಾದಾ ಆರ್‌ಒ ನೀರು ಹಾಕ್ರಿ. ಕರೆಂಟ್ ಹೋದ್ರ ಬ್ಯಾಟರಿ ಪಂಪ್ ಕೈಗೆ ಸಿಗೂವಂಗಿರಲಿ. ಗಾಳಿ ನಿಂತ್ರ ಮೀನಿಗೂ ಬ್ಯಾಕ್ಟೀರಿಯಾಕ್ಕೂ ಉಸಿರಿಲ್ಲ.

ನಾ ಬಿ.ಕಾಂ ಓದಿದವ, ಲೆಕ್ಕದಾಗ ಹೇಳ್ತೀನಿ: ಸ್ಪಂಜು, ಪಂಪು, ಸಣ್ಣ ಗಾಜಿನ ಟ್ಯಾಂಕು ಒಮ್ಮೆ ಮಾಡೋ ಖರ್ಚು. ಕಾಯೋದಕ್ಕ ರೊಕ್ಕ ಬೀಳೂದಿಲ್ಲ. ಸ್ಪಂಜು ಇಟ್ಟ ತಾರೀಖು ಟ್ಯಾಂಕಿನ ಮ್ಯಾಲೆ ಬರ್ದು ಅಂಟಸ್ರಿ, ಆಮೇಲೆ ಮೀನಿಗೆ ಫೋನ್ ಮಾಡ್ರಿ. ಮುಂದಿನ ವಾರ ಸಿಗೂಣು.