ಕೈಕಸಬಿಗೂ ಪದವಿಯ ದಾರಿ ಬೇಕು

(ವಿದ್ಯಾರಣ್ಯಪುರದಲ್ಲಿ ಸೇರಿದ್ದ ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಾವು ಇಂದು ಸೇರಿರುವ ವಿದ್ಯಾರಣ್ಯಪುರದಲ್ಲಿ ಬಿ.ಇ.ಎಲ್. ಬಡಾವಣೆಯೂ ಇದೆ, ಎಚ್.ಎಂ.ಟಿ. ಬಡಾವಣೆಯೂ ಇದೆ. ನನ್ನ ಮಾತನ್ನು ಈ ಎರಡು ಹೆಸರುಗಳಿಂದಲೇ ಶುರುಮಾಡುತ್ತೇನೆ. ಪಕ್ಕದ ಜಾಲಹಳ್ಳಿಯಲ್ಲಿ ನೆಲೆಯೂರಿದ ಈ ಎರಡು ಸರ್ಕಾರಿ ಉದ್ಯಮಗಳಲ್ಲಿ ಎಚ್.ಎಂ.ಟಿ. ಹುಟ್ಟಿದ್ದು 1953ರಲ್ಲಿ, ಬಿ.ಇ.ಎಲ್. ಹುಟ್ಟಿದ್ದು 1954ರಲ್ಲಿ. ಒಂದು ಯಂತ್ರ ಮಾಡುವ ಯಂತ್ರಗಳನ್ನು ಕೊಟ್ಟಿತು. 1961ರ ನಂತರ ಜನಸಾಮಾನ್ಯರ ಕೈಗೆ ಗಡಿಯಾರ ಕಟ್ಟಿತು. ಇನ್ನೊಂದು ದೇಶದ ರಕ್ಷಣೆಗೆ ಬೇಕಾದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಇಂದಿಗೂ ತಯಾರಿಸುತ್ತಿದೆ. ಹಳ್ಳಿಗಳಿಂದ ಬಂದ ಹುಡುಗರು ಇಲ್ಲಿ ಫಿಟ್ಟರ್ ಆದರು, ಟರ್ನರ್ ಆದರು. ಕಾರ್ಖಾನೆ ಅವರಿಗೆ ಅನ್ನವನ್ನೂ ಕೊಟ್ಟಿತು, ವಿದ್ಯೆಯನ್ನೂ ಕೊಟ್ಟಿತು.

2016ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲ ಎಚ್.ಎಂ.ಟಿ.ಯ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿತು. ಕಾರ್ಖಾನೆ ಮುಚ್ಚಿದಾಗ ಸಂಬಳ ಮಾತ್ರ ಹೋಗುವುದಿಲ್ಲ, ಒಂದು ಪಾಠಶಾಲೆಯೂ ಮುಚ್ಚಿಹೋಗುತ್ತದೆ. ದಾವಣಗೆರೆಯಂಥ ಗಿರಣಿ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗ್ಗದ ಪಕ್ಕದಲ್ಲಿ ನಿಂತು ಹಿರಿಯರಿಂದ ಕಲಿತ ವಿದ್ಯೆ ಗಿರಣಿಯ ಬಾಗಿಲಿಗೆ ಬೀಗ ಬಿದ್ದ ದಿನವೇ ಅನಾಥವಾಯಿತು.

ಹಾಗಾದರೆ ಆ ವಿದ್ಯೆಯನ್ನು ಇನ್ನು ಎಲ್ಲಿ ಕಲಿಯಬೇಕು? ಐ.ಟಿ.ಐ. ಇದೆ, ಪಾಲಿಟೆಕ್ನಿಕ್ ಇದೆ, ವಿಶ್ವವಿದ್ಯಾಲಯ ಇದೆ ಎನ್ನುತ್ತದೆ ಸರ್ಕಾರ. ಇವೆ, ಸುಳ್ಳಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಎಷ್ಟು ಅಗಲವಾಗಿದೆ ಎಂಬುದೇ ನನ್ನ ಪ್ರಶ್ನೆ.

ಬೆಂಗಳೂರಿನ ಕೆ.ಆರ್. ಸರ್ಕಲ್ಲಿಗೆ ಹೋಗಿ ನೋಡಿ. ಸರ್. ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಆರಂಭವಾದ ಇಂಜಿನಿಯರಿಂಗ್ ಕಾಲೇಜು ಅಲ್ಲಿದೆ. ನೇಯ್ಗೆಯ ತಂತ್ರವಿದ್ಯೆ ಕಲಿಸುವ ಕೃಷ್ಣರಾಜೇಂದ್ರ ಸಿಲ್ವರ್ ಜೂಬಿಲಿ ಸಂಸ್ಥೆಯೂ ಅಲ್ಲೇ ಇದೆ. ಅದೇ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ 1943ರಲ್ಲಿ ಹುಟ್ಟಿದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಎಂದರೆ ಇಂದಿನ ಎಸ್.ಜೆ. ಪಾಲಿಟೆಕ್ನಿಕ್ಕೂ ಅಲ್ಲೇ ಇದೆ. ಕಸುಬು ಕಲಿಸುವ ಶಾಲೆಯಿಂದ ಪದವಿ ಕೊಡುವ ಕಾಲೇಜಿಗೆ ನಡೆದು ಹೋಗಲು ಹತ್ತು ನಿಮಿಷ ಸಾಕು. ಅದೇ ದೂರವನ್ನು ಬದುಕಿನಲ್ಲಿ ದಾಟಲು ಒಬ್ಬ ಕಾರ್ಮಿಕನ ಮಗನಿಗೆ ಎಷ್ಟು ಕಾಲ ಬೇಕು?

ಲೆಕ್ಕ ಹಾಕೋಣ. ಎಸ್.ಎಸ್.ಎಲ್.ಸಿ. ಆದಮೇಲೆ ಐ.ಟಿ.ಐ. ಎರಡು ವರ್ಷ. ಐ.ಟಿ.ಐ. ಆದವನಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಸೇರುವ ಅವಕಾಶ ಉಂಟು; ಅಲ್ಲಿ ಎರಡು ವರ್ಷ. ಡಿಪ್ಲೊಮಾ ಆದವನು ಪ್ರವೇಶ ಪರೀಕ್ಷೆ ಬರೆದು ಬಿ.ಇ.ಯ ಎರಡನೆಯ ವರ್ಷಕ್ಕೆ ಸೇರಬಹುದು. ಅಲ್ಲಿ ಮೂರು ವರ್ಷ. ಒಟ್ಟು ಏಳು. ಪಿ.ಯು.ಸಿ. ಓದಿ ನೇರ ಹೋದವನಿಗೆ ಆರು. ಕಾಗದದ ಮೇಲೆ ವ್ಯತ್ಯಾಸ ಒಂದೇ ವರ್ಷ!

ಆದರೆ ಕಾಗದ ಹಸಿವನ್ನು ಕಾಣುವುದಿಲ್ಲ. ಹುಡುಗ ಐ.ಟಿ.ಐ. ಮುಗಿಸಿದ ದಿನವೇ ಮನೆಯವರು ಅವನ ಸಂಬಳದ ದಾರಿ ನೋಡುತ್ತಿರುತ್ತಾರೆ. ತಂಗಿಯ ಮದುವೆ, ಅಂಗಡಿಯ ಸಾಲ, ಚೀಟಿಯ ಕಂತು. ಇನ್ನೈದು ವರ್ಷ ಹಗಲಿನ ಕಾಲೇಜಿನಲ್ಲಿ ಕೂರುವ ಭಾಗ್ಯ ಎಷ್ಟು ಮನೆಗಳಿಗಿದೆ? ಬಾಗಿಲು ತೆರೆದೇ ಇದೆ. ಅದು ತೆರೆದಿರುವುದು ನಾವು ಪಾಳಿಯಲ್ಲಿರುವ ಹೊತ್ತಿನಲ್ಲಿ.

ನನ್ನ ಅನುಭವದ ಮಾತೊಂದನ್ನು ಹೇಳುತ್ತೇನೆ. ಕಾರ್ಖಾನೆಯ ಹೆಸರು ಬೇಡ. ನಾನು ಲೇತಿನ ಮೇಲೆ ದುಡಿಯುತ್ತಿದ್ದಾಗ ಹೊಸದಾಗಿ ಪದವಿ ಪಡೆದ ಒಬ್ಬ ತರುಣ ಬಂದ. ಒಳ್ಳೆಯ ಹುಡುಗ. ಮೈಕ್ರೋಮೀಟರ್ ಹಿಡಿಯುವುದನ್ನು ಅವನಿಗೆ ಕಲಿಸಿದವರು ನಮ್ಮ ಹಿರಿಯ ಟರ್ನರೊಬ್ಬರು. ಎರಡೇ ವರ್ಷದಲ್ಲಿ ಶಿಷ್ಯ ಗುರುವಿನ ಮೇಲಧಿಕಾರಿಯಾದ. ಗುರು ಅದೇ ಲೇತಿನ ಮುಂದೆ ನಿವೃತ್ತರಾದರು. ಹುಡುಗನ ಮೇಲೆ ನನಗೆ ಕೋಪವಿಲ್ಲ. ಕಲಿತವನಿಗೆ ಪದವಿ ಕೊಟ್ಟು, ಕಲಿಸಿದವನಿಗೆ ಏನೂ ಕೊಡದ ವ್ಯವಸ್ಥೆಯ ಮೇಲೆ ಕೋಪವಿದೆ.

ಇನ್ನು ಅಪ್ರೆಂಟಿಸ್ ಪದ್ಧತಿಯನ್ನು ನೋಡೋಣ. ಅದರ ಕಾಯ್ದೆ 1961ರದು. 30 ಅಥವಾ ಹೆಚ್ಚು ಜನ ದುಡಿಯುವ ಕಡೆ, ದುಡಿಯುವವರ ಸಂಖ್ಯೆಯ ಶೇಕಡ 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು 2019ರ ನಿಯಮ ಹೇಳಿತು. ಕನಿಷ್ಠ ಭತ್ಯೆಯನ್ನು ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿವರೆಗೆ ಗೊತ್ತುಮಾಡಿತು. ಆದರೆ ಕಾಯ್ದೆಯ 18ನೆಯ ಕಲಂ ಓದಿ: ಅಪ್ರೆಂಟಿಸ್ ಕಲಿಯುವವನು, ಕಾರ್ಮಿಕನಲ್ಲ, ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸುವುದಿಲ್ಲ. 22ನೆಯ ಕಲಮಿನ ಪ್ರಕಾರ, ತರಬೇತಿ ಮುಗಿದಮೇಲೆ ಅವನಿಗೆ ಕೆಲಸ ಕೊಡಲೇಬೇಕೆಂಬ ಕಡ್ಡಾಯ ಮಾಲೀಕನಿಗಿಲ್ಲ. ನೇಮಕದ ನೀತಿಯನ್ನು ಅವನೇ ಮಾಡಿಕೊಳ್ಳಬಹುದು. ಕಲಿಸುವ ಮನಸ್ಸಿರುವ ಕಡೆ ಈ ಪದ್ಧತಿ ವರವಾಗಿದೆ. ಮನಸ್ಸಿಲ್ಲದ ಕಡೆ ಇದು ಅಗ್ಗದ ಕೂಲಿಗೆ ಇನ್ನೊಂದು ಹೆಸರು: ಒಂದು ತಂಡ ಹೋಗುತ್ತದೆ, ಇನ್ನೊಂದು ತಂಡ ಬರುತ್ತದೆ, ಕಾಯಂ ಹುದ್ದೆ ಖಾಲಿಯೇ ಉಳಿಯುತ್ತದೆ.

ಬೇರೆ ದಾರಿ ಉಂಟೆ? ಉಂಟು. ಜರ್ಮನಿಯಲ್ಲಿ ಅಪ್ರೆಂಟಿಸ್ ವಾರದ ಕೆಲವು ದಿನ ಕಾರ್ಖಾನೆಯಲ್ಲಿ, ಉಳಿದ ದಿನ ಕಸುಬಿನ ಶಾಲೆಯಲ್ಲಿ ಕಲಿಯುತ್ತಾನೆ. ಅವನನ್ನು ಪರೀಕ್ಷಿಸುವ ಮಂಡಳಿಯಲ್ಲಿ ಮಾಲೀಕರ ಪ್ರತಿನಿಧಿಗಳು ಎಷ್ಟೋ ಕಾರ್ಮಿಕರ ಪ್ರತಿನಿಧಿಗಳೂ ಅಷ್ಟೇ; ಜೊತೆಗೆ ಶಿಕ್ಷಕರು. ಕಸುಬಿನಲ್ಲಿ ಪಳಗಿ ಮೇಸ್ತ್ರಿಯ ಪರೀಕ್ಷೆ ಗೆದ್ದವನಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯಬೇಕೆಂದು ಅಲ್ಲಿನ ರಾಜ್ಯಗಳ ಶಿಕ್ಷಣ ಮಂತ್ರಿಗಳು 2009ರಲ್ಲಿ ಒಪ್ಪಿಕೊಂಡರು. ಅದು ಬಂಡವಾಳಗಾರರ ದೇಶವೇ. ಅಲ್ಲಿ ಸಾಧ್ಯವಾದದ್ದು ಸಮಾಜವಾದದ ಹೆಸರನ್ನು ಸಂವಿಧಾನದಲ್ಲಿ ಬರೆದುಕೊಂಡ ನಮ್ಮಲ್ಲಿ ಏಕೆ ಆಗಬಾರದು?

ನಮ್ಮಲ್ಲೂ ತುಂಡು ತುಂಡಾಗಿ ಕೆಲಸ ನಡೆದಿದೆ. 2014ರಲ್ಲಿ ಯು.ಜಿ.ಸಿ. ಬಿ.ವೋಕ್. ಎಂಬ ಕಸುಬಿನ ಪದವಿ ತಂದಿತು. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಮೂರು ಮುಗಿಸಿದರೆ ಪದವಿ. 2022ರಲ್ಲಿ ಕರ್ನಾಟಕದ 150 ಐ.ಟಿ.ಐ.ಗಳಿಗೆ ಹೊಸ ಯಂತ್ರಗಳು ಬಂದವು. ಕೆಲಸದಲ್ಲಿರುವವರಿಗೆ ಅನುಕೂಲವಾದ ಹೊತ್ತಿನಲ್ಲಿ ಇಂಜಿನಿಯರಿಂಗ್ ಕಲಿಸಲು 2023ರಲ್ಲಿ ಎ.ಐ.ಸಿ.ಟಿ.ಇ. ಕಾಲೇಜುಗಳಿಗೆ ದಾರಿ ಬಿಟ್ಟಿತು. ಸಂತೋಷ. ಆದರೆ ಅನುಮತಿ ಬೇರೆ, ಹಕ್ಕು ಬೇರೆ. ಶುಲ್ಕ ಹೆಚ್ಚಿದ್ದರೆ, ಕಾಲೇಜು ದೂರವಿದ್ದರೆ, ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆದರೆ, ಆ ಅನುಮತಿ ನಮ್ಮ ಪಾಲಿಗೆ ಗೋಡೆಯ ಮೇಲಿನ ಚಿತ್ರ.

ಆದ್ದರಿಂದ ನಾವು ಕೇಳಬೇಕಾದದ್ದು ನಾಲ್ಕೇ ಮಾತು. ಪ್ರತಿ ಕೈಗಾರಿಕಾ ಊರಿನ ಸರ್ಕಾರಿ ಕಾಲೇಜಿನಲ್ಲಿ, ಪಾಳಿಗೆ ಹೊಂದುವ ಸಂಜೆ ತರಗತಿ, ಸರ್ಕಾರಿ ಶುಲ್ಕದಲ್ಲಿ, ಕನ್ನಡದ ವಿವರಣೆಯೊಂದಿಗೆ ನಡೆಯಲಿ. ಹತ್ತು ಹದಿನೈದು ವರ್ಷ ದುಡಿದವನ ಕೈಕೆಲಸವನ್ನು ಪರೀಕ್ಷಿಸಿ, ಅದನ್ನು ಪಾಠದ ಅಂಕವಾಗಿ ಎಣಿಸಲಿ. ತರಬೇತಿ ಕೊಟ್ಟ ಕಾರ್ಖಾನೆ ಕಾಯಂ ನೇಮಕದಲ್ಲಿ ತನ್ನ ಅಪ್ರೆಂಟಿಸರಿಗೇ ಮೊದಲ ಸ್ಥಾನ ಕೊಡಲಿ. ಪಠ್ಯ ಗೊತ್ತುಮಾಡುವ ಮಂಡಳಿಯಲ್ಲಿ ಕಾರ್ಮಿಕ ಸಂಘದವರಿಗೂ ಒಂದು ಕುರ್ಚಿ ಇರಲಿ.

ವರ್ತಕ ಬಂಧುಗಳೆ, ಇದು ನಿಮ್ಮ ಮಾತೂ ಹೌದು. ವೆಲ್ಡಿಂಗ್ ಅಂಗಡಿ, ಮೋಟರ್ ರಿಪೇರಿ ಅಂಗಡಿ ನಡೆಸುವವರಿಗೆ ಕೆಲಸ ಬಲ್ಲ ಹುಡುಗ ಬೇಕು; ಅಂಗಡಿಯಲ್ಲಿ ಕೂತ ನಿಮ್ಮ ಮಗನಿಗೂ ಮೇಲೇರುವ ಏಣಿ ಬೇಕು.

ಇಂದು ಮನೆಗೆ ಹೋದಮೇಲೆ ಒಂದು ಕೆಲಸ ಮಾಡಿ. ಓದು ನಿಲ್ಲಿಸಿದ ಹುಡುಗನನ್ನೋ ಹುಡುಗಿಯನ್ನೋ ಕರೆದು, ಯಾವ ಮೆಟ್ಟಿಲಲ್ಲಿ ನಿಂತೆ, ಏಕೆ ನಿಂತೆ ಎಂದು ಕೇಳಿ ಬರೆದುಕೊಳ್ಳಿ. ಆ ಉತ್ತರಗಳನ್ನೆಲ್ಲ ಕೂಡಿಸಿ ಶಾಸಕರ ಮೇಜಿನ ಮೇಲೆ ಇಡೋಣ. ನಮ್ಮ ಬೇಡಿಕೆಯ ಪತ್ರ ಅದೇ.