ಹದಿಮೂರು ಸಾವಿರದ ನೌಕರಿ ಬ್ಯಾಡ ಅಂದವ ನಾನೇ!

(ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಸೇರಿರುವ ಹುಡುಗರು ಹಬ್ಬಕ್ಕೆ ಊರಿಗೆ ಬಂದಿದ್ದಾಗ ಅಂಕಲಗಿಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಅಂಕಲಗಿಯಲ್ಲಿ ಸಣ್ಣದೊಂದು ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸೊಸೈಟಿಯ ಪಾವತಿ ಪುಸ್ತಕ, ಇಲೆಕ್ಷನ್ ಬಂದರೆ ಹ್ಯಾಂಡ್‌ಬಿಲ್ಲು — ಇದೇ ನನ್ನ ಸಾಹಿತ್ಯ. ಓದಿದ್ದು ಪಿ.ಯು.ಸಿ. ತನಕ. ಬಿ.ಇ. ಮುಗಿಸಿದ ನಿಮಗೆ ನೌಕರಿ ಬಗ್ಗೆ ಹೇಳೋಕೆ ಇವನಿಗೇನು ಯೋಗ್ಯತೆ ಅಂತ ಕೇಳಿದರೆ ನನ್ನ ಉತ್ತರ ಇಷ್ಟೇ: ಈ ಸುತ್ತಿನ ಹತ್ತು ಹಳ್ಳಿಯ ಹುಡುಗರ ಬಯೋಡಾಟಾ ನನ್ನ ಕಂಪ್ಯೂಟರಿನಲ್ಲಿ ಕೂತಿವೆ. ಮೊದಲನೆಯ ವರ್ಷ ಬಂದಾಗ ಹುಡುಗ ಫೋಟೋಕ್ಕೆ ಟೈ ಹಾಕಿಸಿಕೊಳ್ಳುತ್ತಾನೆ. ಎರಡನೆಯ ವರ್ಷ ಬಂದು, ‘ಕಾಕಾ, ತಾರೀಖು ಅಷ್ಟ ಬದಲಿ ಮಾಡ್ರಿ’ ಅನ್ನುತ್ತಾನೆ. ಅನುಭವ ಅನ್ನೋ ಕಾಲಂ ಖಾಲಿಯೇ ಇರುತ್ತದೆ. ಮೂರನೆಯ ವರ್ಷ ಅವರಪ್ಪ ಬಂದು ಅಂಗಡಿ ಕಟ್ಟೆ ಮೇಲೆ ಕೂತು ನಿಟ್ಟುಸಿರು ಬಿಡುತ್ತಾನೆ. ಇದನ್ನು ನೋಡುತ್ತ ನೋಡುತ್ತ ನನ್ನ ತಲೆ ಬೆಳ್ಳಗಾಗಿದೆ.

ಆದರೆ ನಾನು ಇವತ್ತು ಮಾತಾಡಲು ನಿಂತಿದ್ದು ಬೇರೆ ಕಾರಣಕ್ಕೆ. ನಾನು ಒಬ್ಬ ಹುಡುಗನಿಗೆ ತಪ್ಪು ಬುದ್ಧಿ ಹೇಳಿದ್ದೇನೆ. ಅವನು ನನ್ನ ಅಕ್ಕನ ಮಗ.

2019ರಲ್ಲಿ ಅವನ ಮೆಕ್ಯಾನಿಕಲ್ ಬಿ.ಇ. ಮುಗಿಯಿತು. ಪುಣೆ ಕಡೆಯ ಒಂದು ಕಾರ್ಖಾನೆಯಿಂದ ಕರೆ ಬಂತು. ಟ್ರೇನಿ ಅಂತ ಹುದ್ದೆ, ತಿಂಗಳಿಗೆ ಹದಿಮೂರು ಸಾವಿರ, ಒಂದು ವರ್ಷ ಆದ ಮೇಲೆ ‘ಕೆಲಸ ನೋಡಿ’ ಕಾಯಂ. ಪತ್ರ ತಗೊಂಡು ಸೀದಾ ನನ್ನ ಪ್ರೆಸ್ಸಿಗೆ ಬಂದ. ನಾನು ಓದಿ ನಕ್ಕೆ. ‘ಏನೋ, ನಮ್ಮ ಆಪರೇಟರ್‌ಗೇ ಹನ್ನೊಂದು ಕೊಡ್ತೀನಿ. ಬಿ.ಇ. ಓದಿ ಹದಿಮೂರಕ್ಕ ಹೋಗ್ತೀಯೇನು? ಮರ್ಯಾದಿ ಬ್ಯಾಡೇನು?’ ಅಂದೆ. ಅವನು ಸುಮ್ಮನೆ ನಿಂತಿದ್ದ. ಹೋಗಬೇಕು ಅಂತ ಅವನ ಮನಸ್ಸಿನಲ್ಲಿತ್ತು. ಈಗ ನೆನೆಸಿಕೊಂಡರೆ ಅವನ ಮುಖದಲ್ಲಿ ಅದು ಕಾಣುತ್ತದೆ, ಅವತ್ತು ಕಾಣಲಿಲ್ಲ.

ಸೇರಬೇಕಾದ ದಿನ ಆಗಸ್ಟ್ ಎರಡನೇ ವಾರ. ಆ ಆಗಸ್ಟ್ ನಿಮಗೆ ನೆನಪಿರಬೇಕು. ಗೋಕಾಕದ ಪೇಟೆಯೊಳಗೆ ಘಟಪ್ರಭೆ ನುಗ್ಗಿತ್ತು, ಲೋಳಸೂರ ಸೇತುವೆ ನೀರಿನಡಿ ಹೋಗಿತ್ತು, ಕೊಲ್ಲಾಪುರದ ಹತ್ತಿರ ಪಂಚಗಂಗೆ ಏರಿ ಪುಣೆ ಹೆದ್ದಾರಿಯೇ ದಿನಗಟ್ಟಲೆ ಬಂದ್ ಆಗಿತ್ತು. ಹುಡುಗ ಫೋನ್ ಮಾಡಿದ. ‘ರಸ್ತೆ ಶುರುವಾದ ಮೇಲೆ ಬಾ, ಒಂದು ವಾರ ನೋಡ್ತೀವಿ’ ಅಂದರು ಕಂಪನಿಯವರು. ನಾನು ಏನಂದೆ ಗೊತ್ತೇ? ‘ದೇವರೇ ದಾರಿ ಕಟ್ಟಿದಾನ, ಬಿಡು. ಆರು ತಿಂಗಳದಾಗ ಛಲೋ ಸಿಗ್ತದ.’

ಆರೇಳು ತಿಂಗಳು ಎಣಿಸಿರಿ. ಮಾರ್ಚ್ 2020 ಬರುತ್ತದೆ. ಲಾಕ್‌ಡೌನ್!

ಎರಡು ವರ್ಷ ಹೋಯಿತು. ಆಮೇಲೆ ಹೋದ ಪ್ರತಿ ಇಂಟರ್‌ವ್ಯೂನಲ್ಲಿ ಒಂದೇ ಪ್ರಶ್ನೆ: ‘2019ರಿಂದ ಏನು ಮಾಡುತ್ತಿದ್ದೆ?’ ಕೊರೋನಾ ಅಂದರೆ, ಕೊರೋನಾ ಬಂದದ್ದು 2020ರಲ್ಲಿ ಅಲ್ಲವೇ ಅಂತ ಮರುಪ್ರಶ್ನೆ. ಅಷ್ಟರಲ್ಲಿ ಹೊಸದಾಗಿ ಪಾಸಾದವರು ಹಿಂದೆ ಸಾಲುಗಟ್ಟಿ ನಿಂತಿದ್ದರು. ಇವತ್ತು ಅವನು ಬೈಕ್ ಸಾಲದ ಕಂತು ವಸೂಲಿ ಮಾಡುವ ಕೆಲಸದಲ್ಲಿದ್ದಾನೆ. ಒಂದು ದಿನವೂ ನನಗೆ ಅಂದಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಇದನ್ನು ಕೇಳಿ ನೀವು, ‘ಹಾಗಾದರೆ ಸಿಕ್ಕಿದ್ದಕ್ಕೆಲ್ಲ ತಲೆಯಾಡಿಸಬೇಕು ಅಂತೀರೇನು?’ ಅಂತ ಕೇಳಬಹುದು. ಅಲ್ಲ. ನಾನೇ ಹಾಗೆ ತಲೆಯಾಡಿಸಿ ಕೆಟ್ಟವನು. ಪಿ.ಯು.ಸಿ. ಆದ ಮೇಲೆ, 1998ರಲ್ಲಿ, ಒಂದು ಪ್ರೆಸ್ಸಿನಲ್ಲಿ ಸೇರಿದೆ. ಒಂಬೈನೂರು ಅಂತ ಮಾತಾಗಿತ್ತು, ಕೈಗೆ ಬಂದದ್ದು ಆರುನೂರು. ಮೊಳೆ ಜೋಡಿಸುವುದು ಕಲಿಸಿದರು. ಕನ್ನಡದ ಒತ್ತಕ್ಷರದ ಮೊಳೆಗಳ ಮನೆಗಳನ್ನು ಕಣ್ಣು ಮುಚ್ಚಿ ಹೇಳುವಷ್ಟು ಕಲಿತೆ. ಕಲಿತು ಮುಗಿಯುವ ಹೊತ್ತಿಗೆ ಪಕ್ಕದ ಓಣಿಯಲ್ಲಿ ಡಿ.ಟಿ.ಪಿ. ಬಂತು, ನಮ್ಮ ಮೊಳೆಗಳು ಸೀಸದ ಭಾವಕ್ಕೆ ತೂಕಕ್ಕೆ ಹೋದವು. ಅಂದರೆ ನಾನು ಎರಡು ವರ್ಷ ಸಾಯುತ್ತಿದ್ದ ಕಸುಬನ್ನು ಅರೆಸಂಬಳಕ್ಕೆ ಕಲಿತೆ. ನನ್ನ ಜೊತೆಗಿದ್ದವನೊಬ್ಬ ಅದೇ ಎರಡು ವರ್ಷ ರಾತ್ರಿ ಹೋಗಿ ಕೀಬೋರ್ಡ್ ಕಲಿತ. ಅವನು ನನಗಿಂತ ಐದು ವರ್ಷ ಮುಂಚೆ ಸ್ವಂತ ಮಷಿನ್ ಹಾಕಿದ.

ಹೀಗೆ ಎರಡೂ ಕಡೆಯಿಂದ ಪೆಟ್ಟು ತಿಂದು ಈಗ ನಾನು ಆಫರ್ ಲೆಟರ್ ಓದುವ ರೀತಿಯೇ ಬದಲಾಗಿದೆ. ಸಂಬಳದ ಸಾಲು ಕೊನೆಗೆ ಓದುತ್ತೇನೆ. ಮೊದಲು ನೋಡುವುದು: ಈ ಹುಡುಗನನ್ನು ಯಾವ ಮಷಿನ್ ಮುಂದೆ, ಯಾವ ಟೇಬಲ್ ಮುಂದೆ ಕೂರಿಸುತ್ತಾರೆ?

ಹೋದ ತಿಂಗಳು ಹುಕ್ಕೇರಿ ತಾಲೂಕಿನ ಒಬ್ಬ ಹುಡುಗ ಬಂದ. ಎಲೆಕ್ಟ್ರಾನಿಕ್ಸ್ ಓದಿದವನು. ಬೆಂಗಳೂರಿನ ಒಂದು ಕಂಪನಿಯ ಪತ್ರ ಕೈಯಲ್ಲಿತ್ತು. ವರ್ಷಕ್ಕೆ 3,36,000 ರೂಪಾಯಿ. ಅಪ್ಪನ ಕಣ್ಣಲ್ಲಿ ಆಗಲೇ ತಿಂಗಳಿಗೆ ಇಪ್ಪತ್ತೆಂಟು ಸಾವಿರ ಕುಣಿಯುತ್ತಿತ್ತು. ‘ಕಾಕಾ, ಬಾಂಡ್ ಬರೆದುಕೊಡಬೇಕಂತ, ಟೈಪ್ ಮಾಡಿಕೊಡ್ರಿ’ ಅಂದ. ‘ಕೂಡು, ಮೊದಲು ಲೆಕ್ಕ ಮಾಡೂಣು’ ಅಂದೆ.

ಲೆಕ್ಕ ಹೀಗಿತ್ತು. ಇಪ್ಪತ್ತೆಂಟು ಸಾವಿರದಲ್ಲಿ ಶೇ. 10, ಅಂದರೆ 2,800 ‘ವೇರಿಯಬಲ್’. ಕಂಪನಿ ಖುಷಿಯಾದರೆ ಕೊಡುವ ದುಡ್ಡು. ಮೂಲ ವೇತನ 15,000. ಅದರ ಶೇ. 12, ಅಂದರೆ 1,800 ರೂಪಾಯಿ ಕಂಪನಿಯ ಪಾಲಿನ ಪಿ.ಎಫ್.; ಅದನ್ನೂ ಇದೇ ಇಪ್ಪತ್ತೆಂಟರಲ್ಲಿ ಸೇರಿಸಿದ್ದಾರೆ. ಗ್ರಾಚ್ಯುಟಿ 720, ಕಾಯಂ ನೌಕರನಿಗೆ ಅದು ಕೈಗೆ ಬರುವುದು ಐದು ವರ್ಷ ದುಡಿದ ಮೇಲೆ. ವಿಮೆಗೆ 480. ಉಳಿದದ್ದು 22,200. ಇದರಲ್ಲಿ ಹುಡುಗನ ಪಾಲಿನ ಪಿ.ಎಫ್. 1,800 ಕಳೆಯಿರಿ. ಕೈಗೆ 20,400 ರೂಪಾಯಿ! ಬೆಂಗಳೂರಿನ ಪಿ.ಜಿ.ಗೆ ಎಂಟೊಂಬತ್ತು ಸಾವಿರ, ಬಸ್ಸು, ಚಹಾ, ಊರಿಗೆ ಬಂದುಹೋಗುವ ಖರ್ಚು. ಅಪ್ಪನಿಗೆ ಕಳಿಸುವುದು ಏನು ಉಳಿಯಿತು ಹೇಳಿ. ಪಿ.ಎಫ್. ಕಳೆದುಹೋಗುವ ದುಡ್ಡಲ್ಲ, ಅದು ನಿಮ್ಮದೇ. ಆದರೆ ಅದರಿಂದ ಈ ತಿಂಗಳ ಊಟ ಆಗುವುದಿಲ್ಲ. ಹೊಸಬರಿಗೆ ವರ್ಷಕ್ಕೆ ಮೂರು-ಮೂರೂವರೆ ಲಕ್ಷ ಅನ್ನುವುದು ಹತ್ತು ವರ್ಷದ ಹಿಂದೆಯೂ ಕೇಳಿದ ಮಾತೇ. ಅಕ್ಕಿ ಬೇಳೆ ಮಾತ್ರ ಹತ್ತು ವರ್ಷದ ಹಿಂದಿನ ದರಕ್ಕೆ ಸಿಗುವುದಿಲ್ಲ.

ಇನ್ನು ಬಾಂಡು. ಎರಡು ವರ್ಷ ಬಿಡಬಾರದು, ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು, ಮೂಲ ಮಾರ್ಕ್ಸ್ ಕಾರ್ಡುಗಳನ್ನು ಕಂಪನಿಯಲ್ಲಿ ಇಡಬೇಕು. ‘ಈ ಬಾಂಡ್ ಎಲ್ಲಾ ಕೋರ್ಟಿನ್ಯಾಗ ನಿಲ್ಲೂದಿಲ್ಲ’ ಅಂತ ಹಾಸ್ಟೆಲಿನ ಗೆಳೆಯರು ಹೇಳಿಕೊಟ್ಟಿದ್ದರಂತೆ. ಈ ಹಾಸ್ಟೆಲ್ ವಕೀಲರನ್ನು ನಂಬಬೇಡಿ! 2025ರ ಮೇ 14ರಂದು ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ಕಟ್ಟಬೇಕು ಅನ್ನುವ ಷರತ್ತು ಅದು. ಅಧಿಕಾರಿಯೊಬ್ಬರು ಅದರ ವಿರುದ್ಧ ಹೋಗಿ ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದಿದ್ದರು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಕೆಲಸದಲ್ಲಿ ಇರುವ ಅವಧಿಗೆ ಹಾಕಿದ ಇಂಥ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿಗೆ ವಿರುದ್ಧವಲ್ಲ ಅಂದಿತು. ಹಾಗಂತ ಎಲ್ಲ ಬಾಂಡೂ ಸರಿ ಅಂತಲೂ ಅಲ್ಲ. ಅದು ಸರ್ಕಾರಿ ಬ್ಯಾಂಕು, ಪರೀಕ್ಷೆ ನಡೆಸಿ ಆರಿಸುವ ಖರ್ಚು ದೊಡ್ಡದು, ಅಧಿಕಾರಿಯ ಸಂಬಳವೂ ದೊಡ್ಡದು. ಎರಡು ವಾರ ಪ್ರೊಜೆಕ್ಟರ್ ತೋರಿಸಿ ‘ತರಬೇತಿ ಕೊಟ್ಟೆವು’ ಅನ್ನುವ ಕಂಪನಿಯ ಮಾತು ಬೇರೆ. ಅದೇ ಕಾಯ್ದೆಯ 74ನೇ ಕಲಮು ನ್ಯಾಯವಾದ ಪರಿಹಾರ ಅನ್ನುತ್ತದೆ, ಬಾಯಿಗೆ ಬಂದ ಅಂಕಿ ಅನ್ನುವುದಿಲ್ಲ. ಆದರೂ ಸಹಿ ಮಾಡುವ ಮೊದಲು ಆ ಅಂಕಿಯನ್ನು ನಿಮ್ಮ ಅಪ್ಪನ ಹೊಲದ ಅಳತೆಯಲ್ಲಿ ಯೋಚಿಸಿ.

ಮೂಲ ಪ್ರಮಾಣಪತ್ರ ಮಾತ್ರ ಯಾರ ಕೈಗೂ ಒತ್ತೆ ಕೊಡಬೇಡಿ. ತೋರಿಸಿ, ಝೆರಾಕ್ಸ್ ಕೊಡಿ, ಎದ್ದು ಬನ್ನಿ. ನೌಕರಿ ಕೊಡುತ್ತೇವೆ, ಮೊದಲು ಡಿಪಾಜಿಟ್ ಕಟ್ಟಿ ಅಂದವರ ಮೆಟ್ಟಿಲನ್ನು ಎರಡನೇ ಸಲ ಹತ್ತಲೇಬೇಡಿ.

ದೊಡ್ಡ ಹೆಸರಿನ ಪತ್ರ ಬಂದರೆ ಇದೆಲ್ಲ ತಾಪತ್ರಯವೇ ಇಲ್ಲ ಅಂದುಕೊಂಡಿದ್ದೀರಾ? 2022ರಲ್ಲಿ ಪಾಸಾದ ಎಷ್ಟೋ ಹುಡುಗರು ಇನ್ಫೋಸಿಸ್ ಪತ್ರ ಕೈಯಲ್ಲಿ ಹಿಡಿದು ಎರಡು ವರ್ಷಕ್ಕೂ ಮೇಲೆ ಕಾದರು. 2024ರಲ್ಲಿ ಮೈಸೂರಿಗೆ ಕರೆಸಿಕೊಂಡರು. 2025ರ ಫೆಬ್ರುವರಿಯಲ್ಲಿ ಮುನ್ನೂರಕ್ಕೂ ಹೆಚ್ಚು ತರಬೇತಿದಾರರನ್ನು ಮನೆಗೆ ಕಳಿಸಿದ ಸುದ್ದಿ ಪೇಪರುಗಳಲ್ಲಿ ಬಂತು. ಮೂರು ಸಲ ಅವಕಾಶ ಕೊಟ್ಟರೂ ಒಳಪರೀಕ್ಷೆ ಪಾಸಾಗಲಿಲ್ಲ ಅಂತ ಕಂಪನಿ ಹೇಳಿತು. ಸರಿತಪ್ಪು ಹೇಳಲು ನಾನು ಯಾರು? ಆದರೆ ಪತ್ರ ಬಂದ ದಿನವೇ ಊರಿಗೆಲ್ಲ ಪೇಢೆ ಹಂಚಿ, ಓದೂ ಬಿಟ್ಟು, ಬೇರೆ ಕಡೆ ಅರ್ಜಿಯೂ ಹಾಕದೆ ಕೂತವರ ಗತಿ ಏನಾಯಿತು ಯೋಚಿಸಿ.

ಕನ್ನಡದ ಮಾತು ಎತ್ತದೆ ಹೋದರೆ ನೀವೂ ಬಿಡುವುದಿಲ್ಲ, ನನಗೂ ಸಮಾಧಾನವಿಲ್ಲ. ನಮ್ಮ ಧಾರವಾಡದ ಸರೋಜಿನಿ ಮಹಿಷಿಯವರು 1986ರಲ್ಲಿ ವರದಿ ಕೊಟ್ಟರು, 58 ಶಿಫಾರಸು, ಅದರಲ್ಲಿ 45 ಸರ್ಕಾರ ಒಪ್ಪಿತು. ಒಪ್ಪಿದ್ದು ಕಾಗದದ ಮೇಲೆ! 2024ರ ಜುಲೈ 15ರಂದು ಸಚಿವ ಸಂಪುಟ ಮತ್ತೊಂದು ಮಸೂದೆ ಒಪ್ಪಿತು: ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ. ಉದ್ಯಮಿಗಳು ಕೂಗಾಡಿದರು, 17ರಂದು ತಡೆಹಿಡಿದರು. ಎರಡೇ ದಿನದ ಆಯಸ್ಸು. ಇದಕ್ಕೆ ಹೋರಾಟ ಬೇಕು, ಕರಪತ್ರ ಬೇಕಾದರೆ ಕಾಗದದ ರೊಕ್ಕ ಅಷ್ಟೇ ಕೊಡಿ, ಅಚ್ಚು ಹಾಕಿಕೊಡುತ್ತೇನೆ. ಆದರೆ ಕಾಯ್ದೆ ಬರುವ ತನಕ ನಿಮ್ಮ ವಯಸ್ಸು ನಿಂತು ಕಾಯುವುದಿಲ್ಲ.

ಆ ಹುಕ್ಕೇರಿ ಹುಡುಗ ಇದಕ್ಕೂ ಮುಂಚೆ ಎರಡು ಇಂಟರ್‌ವ್ಯೂ ಸೋತಿದ್ದ. ಬೆಂಗಳೂರಿನಲ್ಲೇ ಕೂತವರು ಹಿಂದಿಯಲ್ಲಿ ಮಾತು ಶುರು ಮಾಡಿದರಂತೆ. ‘ಪ್ರಶ್ನಾ ಗೊತ್ತಿತ್ತು ಕಾಕಾ, ಬಾಯಿ ಬರಲಿಲ್ಲ’ ಅಂದ. ನನಗೆ ಸಿಟ್ಟು ಬಂತು. ಆದರೆ ಸಿಟ್ಟಿನ ಜೊತೆ ಒಂದು ಉಪಾಯವನ್ನೂ ಹೇಳಿದೆ. ನಿನ್ನ ಕೊನೆಯ ವರ್ಷದ ಪ್ರಾಜೆಕ್ಟನ್ನು ಮೊದಲು ನಿಮ್ಮಪ್ಪನಿಗೆ ಕನ್ನಡದಲ್ಲಿ ತಿಳಿಸಿ ಹೇಳು. ಅವರು ಹೂಂ ಅಂದರೆ ಮಾತ್ರ ನಿನಗೆ ತಿಳಿದಿದೆ ಅಂತ ಅರ್ಥ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹತ್ತು ಸಲ ಗಟ್ಟಿಯಾಗಿ ಹೇಳು. ಎರಡನೇ ದಿನ ಬಂದು ಅವನೇ ಒಪ್ಪಿಕೊಂಡ: ಅಪ್ಪ ಕೇಳಿದ ಒಂದು ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲವಂತೆ. 2021ರಲ್ಲಿ ಎ.ಐ.ಸಿ.ಟಿ.ಇ. ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಾಗ ನಮ್ಮ ರಾಜ್ಯದಲ್ಲಿ ಕನ್ನಡ ಮಾಧ್ಯಮ ಬಯಸಿದವರು ತೀರ ಕಡಿಮೆ. ನೌಕರಿ ಸಿಗುತ್ತದೋ ಇಲ್ಲವೋ ಅನ್ನುವ ಅದೇ ಹೆದರಿಕೆ.

ಇನ್ನೊಂದು. ಬೆಂಗಳೂರು, ಪುಣೆ ಅಂತ ಹೊರಗೆ ಓಡುವ ಮೊದಲು ನಮ್ಮ ಮೂಗಿನ ಕೆಳಗೆ ನೋಡಿ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಇದೆ. ಉದ್ಯಮಬಾಗದಲ್ಲಿ ಫೌಂಡ್ರಿಗಳು, ಹೈಡ್ರಾಲಿಕ್ಸ್ ಕಾರ್ಖಾನೆಗಳಿವೆ. ಹುಕ್ಕೇರಿಯಲ್ಲಿ ಕರೆಂಟು ಹಂಚುವ ಸಹಕಾರಿ ಸಂಘವೇ ಇದೆ, 1969ರಿಂದ. ಅಪ್ರೆಂಟಿಸ್ ಆಗಿ ಸೇರುವುದನ್ನು ಕೀಳು ಅಂತ ತಿಳಿಯಬೇಡಿ. ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ಅಂತ 2019ರಲ್ಲೇ ನಿಯಮ ಮಾಡಿದ್ದಾರೆ. ಮನೆಯ ರೊಟ್ಟಿ ತಿಂದುಕೊಂಡು ಒಂದು ವರ್ಷ ಒಳ್ಳೆಯ ಮಷಿನ್ ಮೇಲೆ ನಿಂತವನ ಬಯೋಡಾಟಾದಲ್ಲಿ ಆ ಖಾಲಿ ಕಾಲಂ ತುಂಬುತ್ತದೆ. ಸರ್ಕಾರದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3,000 ಅಂತ ಶುರುವಾದದ್ದೂ ಗೊತ್ತು. ಅದು ಅರ್ಜಿ ಹಾಕುವ ಖರ್ಚಿಗೆ ಸರಿ. ಅದನ್ನು ನಂಬಿ ಕೂರಬೇಡಿ.

ಈಗ ಆ ಹುಡುಗನ ಪತ್ರಕ್ಕೆ ಬರೋಣ. ಈ ಸಲ ನಾನು ಒಬ್ಬನೇ ಬುದ್ಧಿ ಹೇಳಲು ಹೆದರಿದೆ. ಅಕ್ಕನ ಮಗನಿಗೆ ಫೋನ್ ಮಾಡಿ ಕರೆಸಿದೆ. ವಸೂಲಿ ಮುಗಿಸಿ, ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೆಯದೆ ಪತ್ರ ಓದಿದ. ಎರಡು ಸಲ ಓದಿದ. ‘ಮಾಮಾ, ರೊಕ್ಕದ್ದು ಬಿಡ್ರಿ. ಇವನಿಗೆ ಕೆಲಸ ಏನು ಅಂತ ಎಲ್ಲೂ ಬರೆದಿಲ್ಲಲ್ಲ’ ಅಂದ. ನಾನು ಇಷ್ಟು ಲೆಕ್ಕ ಹಾಕಿದವನು ಅದನ್ನೇ ನೋಡಿರಲಿಲ್ಲ!

ಇಬ್ಬರೂ ನನ್ನ ಕಂಪ್ಯೂಟರಿನ ಮುಂದೆ ಕೂತು ಕಂಪನಿಗೆ ಮೂರು ಪ್ರಶ್ನೆ ಬರೆದರು. ಯಾವ ವಿಭಾಗ, ಏನು ಕೆಲಸ? ತರಬೇತಿ ಎಷ್ಟು ದಿನ, ಯಾವುದರಲ್ಲಿ? ಮೂಲ ಪ್ರಮಾಣಪತ್ರ ಬದಲು ನಕಲು ನಡೆಯುತ್ತದೆಯೇ? ‘ಕೇಳಿದರೆ ನೌಕರಿನ ಹೋಗ್ತದೋ ಏನೋ’ ಅಂತ ಹುಡುಗನ ಕೈ ನಡುಗುತ್ತಿತ್ತು. ಮೂರನೇ ದಿನ ಉತ್ತರ ಬಂತು. ಸರ್ಕ್ಯೂಟ್ ಬೋರ್ಡ್ ಪರೀಕ್ಷಿಸುವ ವಿಭಾಗ, ಮೂರು ತಿಂಗಳ ತರಬೇತಿ, ನಕಲು ಸಾಕು. ಬಾಂಡ್ ಮಾತ್ರ ಹಾಗೇ ಇರುತ್ತದೆ ಅಂದರು.

ಹುಡುಗ ಒಂದು ರಾತ್ರಿ ಯೋಚನೆ ಮಾಡಿ ಬಂದು, ‘ಹೋಗ್ತೀನಿ ಕಾಕಾ’ ಅಂದ. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಬಾಂಡಿನ ಎರಡು ಪ್ರತಿ ತೆಗೆದು, ಒಂದನ್ನು ಅವರಪ್ಪನ ಕೈಗೆ ಕೊಟ್ಟೆ. ಬೆಳಗಾವಿಯಿಂದ ರಾಣಿ ಚೆನ್ನಮ್ಮ ರೈಲು. ಸ್ಟೇಷನ್ ತನಕ ಅವನನ್ನು ಬೈಕಿನ ಮೇಲೆ ಬಿಟ್ಟು ಬಂದವನು ನನ್ನ ಅಕ್ಕನ ಮಗ. ಮರುದಿನ ಬೆಳಿಗ್ಗೆ ಪ್ರೆಸ್ಸಿನ ಶಟರ್ ಎತ್ತುವಾಗ ಅವನೇ ಬಂದು ನಿಂತಿದ್ದ. ‘ಮಾಮಾ, ನನ್ನ ಬಯೋಡಾಟಾ ಇನ್ನೂ ಐತೇನ್ರಿ ಕಂಪ್ಯೂಟರಿನ್ಯಾಗ?’ ಅಂತ ಕೇಳಿದ. ಇತ್ತು. 2019ರ ತಾರೀಖಿನದು. ಇಬ್ಬರೂ ಕೂತು ಅನುಭವದ ಕಾಲಂ ಬರೆಯಲು ಶುರು ಮಾಡಿದೆವು.